ಎದೆ ಡವಗುಟ್ಟಿದರೆ ಕೊರಳನ್ನೂ ವಿಚಾರಿಸಿ

ಬೋಡಿನಾಯಕನೂರಿನ ಏಲಕ್ಕಿ ಹರಾಜಿಗೂ ದಿಂಡಿಗಲ್ ಪೇಟೆಗೂ ಓಡಾಡುವ ನಮ್ಮಂಥ ವ್ಯಾಪಾರಸ್ಥರು ಎದೆ ಡವಗುಟ್ಟಿದರೆ ಮೊದಲು ಗ್ಯಾಸು ಎನ್ನುತ್ತೇವೆ, ಆಮೇಲೆ ಬಾಕಿ ವಸೂಲಿಯ ಚಿಂತೆ ಎನ್ನುತ್ತೇವೆ, ಕೊನೆಗೆ ಹೃದಯವೆಂದು ಹೆದರುತ್ತೇವೆ. ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯ ನೆನಪು ಬರುವುದು ಅಪರೂಪ.

ಚಿಟ್ಟೆಯಾಕಾರದ ಈ ಗ್ರಂಥಿಯ ರಸ ಒಲೆಯ ಉರಿಯಿದ್ದಂತೆ. ಅದು ಹೆಚ್ಚಾದರೆ ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ 100 ದಾಟಬಹುದು. ಕೈ ನಡುಗುತ್ತದೆ, ಸೆಕೆ ತಡೆಯಲಾಗದು, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ಅರವತ್ತು ದಾಟಿದವರಲ್ಲಿ ಇವೆಲ್ಲ ಕಾಣದೆ ಬರೀ ಸುಸ್ತು, ಸೊರಗುವಿಕೆ, ತಾಳ ತಪ್ಪಿದ ನಾಡಿ ಮಾತ್ರ ಇರಬಹುದು. ನಮ್ಮ ಮನೆಗಳಲ್ಲಿ ಅಜ್ಜಿ ಸೊರಗಿದರೆ ಉಪವಾಸದಿಂದ ಎಂದುಬಿಡುತ್ತೇವೆ. ಪಾರಣೆಯಾಗಿ ತಿಂಗಳಾದರೂ ತೂಕ ಮರಳದಿದ್ದರೆ ಅದನ್ನು ವ್ರತದ ಲೆಕ್ಕಕ್ಕೆ ಬರೆಯಬಾರದು.

ನಾಡಿ ತಾಳ ತಪ್ಪುವ ಒಂದು ಬಗೆಗೆ ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಹೃದಯದ ಮೇಲಿನ ಕೋಣೆಗಳು ಮಿಡಿಯದೆ ಬರೀ ಅದುರುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಬಹುಕಾಲ ಹೀಗೆ ದುಡಿದ ಹೃದಯ ಸೋತರೆ ಕಾಲು ಊದಿ ಮೇಲುಸಿರು ಬರುತ್ತದೆ.

1991ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಓಟದ ವ್ಯಾಯಾಮದಲ್ಲಿದ್ದಾಗ ಏದುಸಿರು ಬಂದು ಆಸ್ಪತ್ರೆ ಸೇರಿದರು. ಹೃದಯದ ತಾಳ ತಪ್ಪಿತ್ತು. ಮೂಲ ಹುಡುಕಿದಾಗ ಸಿಕ್ಕಿದ್ದು ಥೈರಾಯ್ಡಿನ ಗ್ರೇವ್ಸ್ ರೋಗ. ಅವರ ಪತ್ನಿ ಬಾರ್ಬರಾ ಅವರಿಗೂ ಅದೇ ರೋಗ ಮೊದಲೇ ಬಂದಿತ್ತು! ವಿಕಿರಣ ಅಯೋಡಿನ್ ಚಿಕಿತ್ಸೆ ಪಡೆದ ಬುಷ್ 2018ರವರೆಗೆ, 94 ವರ್ಷ ಬಾಳಿದರು.

ಆದ್ದರಿಂದ ಇ.ಸಿ.ಜಿ. ಮಾಡಿಸುವಾಗಲೇ ಟಿ.ಎಸ್.ಎಚ್. ರಕ್ತ ಪರೀಕ್ಷೆಯ ಬಗ್ಗೆ ಕೇಳಿ. ಕಾನವಿಲಕ್ಕಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. 2022ರಿಂದ ದಿಂಡಿಗಲ್ಲಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ವರದಿಯಲ್ಲಿ ಟಿ.ಎಸ್.ಎಚ್. ಕಡಿಮೆ ಎಂದಿದ್ದರೆ ಗ್ರಂಥಿ ಮಂದವಾಗಿದೆ ಎಂದು ತಿಳಿಯುವವರುಂಟು. ಸಾಮಾನ್ಯವಾಗಿ ಅದು ತಿರುಗುಮುರುಗು. ಗೋದಾಮು ತುಂಬಿದಾಗ ನಾವು ಆರ್ಡರ್ ನಿಲ್ಲಿಸುವುದಿಲ್ಲವೇ? ರಸ ಹೆಚ್ಚಾದಾಗ ತಲೆಯೊಳಗಿನ ಗ್ರಂಥಿಯೂ ಹಾಗೆಯೇ ತನ್ನ ಆರ್ಡರ್ ನಿಲ್ಲಿಸುತ್ತದೆ.

ಗ್ರಂಥಿ ಹತೋಟಿಗೆ ಬಂದರೆ ಅನೇಕರಲ್ಲಿ ತಾಳವೂ ತಾನಾಗಿ ಸರಿಹೋಗುತ್ತದೆ. ಕಾರ್ಬಿಮಜೋಲ್ ಮಾತ್ರೆಯ ಗುಣ ಕಾಣಲು ವಾರಗಳು ಬೇಕು. ಹಾಯೆನಿಸಿತೆಂದು ಅದನ್ನು ನಿಲ್ಲಿಸಬೇಡಿ. ಆದರೆ ಅದನ್ನು ಸೇವಿಸುವಾಗ ಜ್ವರ, ಗಂಟಲು ನೋವು ಬಂದರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರಲ್ಲಿ ಹೋಗಿ ಬಿಳಿ ರಕ್ತಕಣಗಳ ಪರೀಕ್ಷೆ ಮಾಡಿಸಬೇಕು. ಸೂರ್ಯಾಸ್ತದ ನಂತರ ನೀರೂ ಮುಟ್ಟದವರು ಅದನ್ನು ಮೊದಲೇ ತಿಳಿಸಿದರೆ ವೈದ್ಯರು ಮಾತ್ರೆಯ ವೇಳೆಯನ್ನು ಹಗಲಿಗೇ ಹೊಂದಿಸಿಕೊಡಬಹುದು.