ವಿಮೆಯ ಏಜಂಟರ ಅಹವಾಲು

ಬೀದರದ ಮೈಲೂರಿನಲ್ಲಾಗಲಿ, ಭಾಲ್ಕಿ ಔರಾದಗಳ ಹಳ್ಳಿಗಳಲ್ಲಾಗಲಿ, ವಿಮೆಯೆಂಬುದು ಮನೆಯ ಹೊಸ್ತಿಲಿಗೆ ಬಂದಿರುವದು ಜಾಹೀರಾತಿನ ಬಲದಿಂದಲ್ಲ, ಏಜಂಟನ ಕಾಲ್ನಡಿಗೆಯಿಂದ. ತೊಗರಿಯ ರಾಶಿಯಾಗಿ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಕಂತಿನ ನೆನಪು ಕೊಡುವವನು ಅವನು. ಮನೆಯ ಯಜಮಾನನು ತೀರಿಕೊಂಡಾಗ ಕಾಗದಪತ್ರಗಳನ್ನು ಹೊಂದಿಸಿಕೊಡುವವನೂ ಅವನೇ. ೧೯೫೬ರ ಸಪ್ಟಂಬರ ೧ರಂದು ೨೪೫ ವಿಮಾಸಂಸ್ಥೆಗಳು ಕೂಡಿ ಜೀವವಿಮಾ ನಿಗಮವಾಯಿತು. ಅದೇ ವರ್ಷದ ನವಂಬರ ೧ರಂದು ಬೀದರವು ಹೈದರಾಬಾದ ರಾಜ್ಯದಿಂದ ಬಿಡುಗಡೆ ಹೊಂದಿ ಕನ್ನಡನಾಡನ್ನು ಸೇರಿತು. ಇಂದು ನಿಗಮದ ಏಜಂಟರು ದೇಶದಲ್ಲಿ ೧೩ ಲಕ್ಷಕ್ಕೂ ಮಿಕ್ಕಿರುವರೆಂದು ಕೇಂದ್ರ ಸರಕಾರವೇ ೨೦೨೩ರಲ್ಲಿ ಹೇಳಿದೆ. ಇಷ್ಟು ದೊಡ್ಡ ಸಮುದಾಯವು ತನ್ನ ಕಷ್ಟಸುಖಗಳನ್ನು ಶಾಸನಕರ್ತರ ಮುಂದಿಡುವದು ಸಹಜವೂ ನ್ಯಾಯವೂ ಆಗಿದೆ.

ಆದರೆ ಶಾಸನಕರ್ತರನ್ನು ಕಾಣಹೋಗುವ ಪ್ರತಿಯೊಂದು ನಿಯೋಗವೂ ಜನಹಿತದ ಹೆಸರನ್ನೇ ಹೇಳುವದು. ಬೇಡಿಕೆಯಲ್ಲಿ ಜನರ ಹಿತವೆಷ್ಟು, ಬೇಡುವವರ ಹಿತವೆಷ್ಟು ಎಂಬುದನ್ನು ತೂಗಿ ನೋಡುವದು ಶಾಸನಕರ್ತರ ಧರ್ಮ. ಅವರು ತೂಗಿದರೋ ಇಲ್ಲವೋ ಎಂಬುದನ್ನು ನೋಡುವದು ನಮ್ಮೆಲ್ಲರ ಧರ್ಮ.

೨೦೨೨ರಲ್ಲಿ ನಿಗಮದ ಏಜಂಟರು ಚಳವಳಿ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮೂರು ಮುಖ್ಯವಾಗಿದ್ದವು: ಪಾಲಿಸಿದಾರರ ಬೋನಸ್ಸು ಹೆಚ್ಚಬೇಕು, ಕಂತಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ತೊಲಗಬೇಕು, ಏಜಂಟರ ಗ್ರಾಚ್ಯುಯಿಟಿ ಏರಬೇಕು. ಮೂರನೆಯದು ಬೇಗ ಫಲಿಸಿತು. ೨೦೨೩ರ ಸಪ್ಟಂಬರದಲ್ಲಿ ಗ್ರಾಚ್ಯುಯಿಟಿಯ ಮಿತಿಯನ್ನು ೩ ಲಕ್ಷದಿಂದ ೫ ಲಕ್ಷ ರೂಪಾಯಿಗೆ ಏರಿಸಲು ಸರಕಾರವು ಒಪ್ಪಿತು. ತೆರಿಗೆಯ ಮಾತು ಇನ್ನೂ ಕಾಯಬೇಕಾಯಿತು. ಆರೋಗ್ಯ ವಿಮೆಯ ಕಂತಿಗೆ ನೂರಕ್ಕೆ ೧೮ರಂತೆ ತೆರಿಗೆ ತೆರುವದೆಂದರೆ ರೋಗದ ಭಯಕ್ಕೂ ಸುಂಕ ಕೊಟ್ಟಂತೆ. ೨೦೨೪ರ ಜುಲೈಯಲ್ಲಿ ನಾಗಪುರದ ನಿಗಮ ನೌಕರರ ಸಂಘವು ಕೊಟ್ಟ ಮನವಿಯನ್ನು ಆಧರಿಸಿ ಕೇಂದ್ರ ಸಚಿವ ಶ್ರೀ ನಿತಿನ ಗಡಕರಿಯವರು ಅರ್ಥಸಚಿವರಿಗೆ ಪತ್ರ ಬರೆದರು. ಆಮೇಲೆ ಮಂತ್ರಿಗಳ ಸಮಿತಿಯೊಂದು ಕೂತು ವಿಚಾರಿಸಿತು. ಕೊನೆಗೆ ೨೦೨೫ರ ಸಪ್ಟಂಬರ ೨೨ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳಿಗೆ ತೆರಿಗೆ ಇಲ್ಲವಾಯಿತು. ಬೇಡಿಕೆಯಲ್ಲಿ ಜನಹಿತವು ಮುಂದಿದ್ದುದೇ ಅದರ ಬಲವಾಯಿತೆಂದು ನಾವು ತಿಳಿಯುತ್ತೇವೆ.

ಆದರೆ ಈ ಜಯದ ಬೆಲೆ ಏಜಂಟರ ತಲೆಗೇ ಬಂದಿತು. ಏಜಂಟರ ಕಮಿಶನ್ನಿಗೆ ತಗಲುವ ತೆರಿಗೆಯನ್ನು ಕಂಪನಿಗಳು ಮೊದಲು ಗಿರಾಕಿಯಿಂದ ವಸೂಲಾದ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುತ್ತಿದ್ದವು. ಕಂತಿಗೆ ತೆರಿಗೆಯೇ ಇಲ್ಲವಾದ ಮೇಲೆ ಆ ವಜಾ ತಪ್ಪಿತು. ಆಗ ಹಲವು ಕಂಪನಿಗಳು ಕಮಿಶನ್ನಿನಲ್ಲಿಯೇ ತೆರಿಗೆ ಅಡಕವೆಂದು ಸಾರಿದವು. ಎಂದರೆ ನೂರು ರೂಪಾಯಿಯಲ್ಲಿ ಸುಮಾರು ಹದಿನೈದು ರೂಪಾಯಿ ಕುಂದಿತು. ಜನರಿಗೆ ದೊರೆತ ರಿಯಾಯತಿಯ ಭಾರವನ್ನು ಎಲ್ಲರಿಗಿಂತ ಬಡವನಾದ ಮಧ್ಯಸ್ಥನ ಮೇಲೆ ಹೊರಿಸುವದು ನ್ಯಾಯವಲ್ಲ. ಈ ವಿಷಯದಲ್ಲಿ ಏಜಂಟರ ದೂರು ಕೇಳತಕ್ಕದ್ದಾಗಿದೆ.

ಇದಕ್ಕಿಂತ ತೊಡಕಿನ ಪ್ರಶ್ನೆ ಇನ್ನೊಂದಿದೆ. ಪಾಲಿಸಿಯನ್ನು ನಡುವೆ ಬಿಡುವವನಿಗೆ, ಒಂದೇ ವರ್ಷದ ಕಂತು ತುಂಬಿದ್ದರೂ, ಕೆಲಮಟ್ಟಿನ ಹಣ ಮರಳಬೇಕೆಂಬ ನಿಯಮವು ೨೦೨೪ರ ಅಕ್ಟೋಬರ ೧ರಿಂದ ಜಾರಿಗೆ ಬಂದಿತು. ಅದರ ಬೆನ್ನಿಗೇ ನಿಗಮವು ಮೊದಲ ವರ್ಷದ ಕಮಿಶನ್ನನ್ನು ನೂರಕ್ಕೆ ೩೫ರಿಂದ ೨೮ಕ್ಕೆ ಇಳಿಸಿ, ಮುಂದಿನ ವರ್ಷಗಳದನ್ನು ಏರಿಸಿತು. ಎಂಡೋಮೆಂಟ್ ಪಾಲಿಸಿಯ ಕನಿಷ್ಠ ಮೊತ್ತವನ್ನು ೧ ಲಕ್ಷದಿಂದ ೨ ಲಕ್ಷಕ್ಕೆ ಒಯ್ದಿತು. ಏಜಂಟರ ನಿಯೋಗವು ೨೦೨೫ರ ಆರಂಭದಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕ ಶ್ರೀ ರಾಹುಲ ಗಾಂಧಿಯವರನ್ನು ಕಂಡು ತಮ್ಮ ದೂರುಗಳನ್ನು ಹೇಳಿಕೊಂಡಿತು. ನಾವು ಇಲ್ಲಿ ಎರಡನ್ನೂ ಬೇರೆಬೇರೆಯಾಗಿ ಎಣಿಸುತ್ತೇವೆ. ಔರಾದದ ಕೂಲಿಕಾರನಿಗೆ ೨ ಲಕ್ಷದ ಪಾಲಿಸಿಯ ಕಂತು ಎಟುಕಲಾರದು. ಕನಿಷ್ಠ ಮೊತ್ತದ ಮೇಲಿನ ಆಕ್ಷೇಪವು ಬಡವನ ಪರವಾದುದು, ಅದನ್ನು ಎತ್ತಿಹಿಡಿಯಬೇಕು. ಮೊದಲ ವರ್ಷದ ಕಮಿಶನ್ನಿನ ಮಾತು ಹಾಗಲ್ಲ. ಲಾಭವೆಲ್ಲ ಮೊದಲ ವರ್ಷದಲ್ಲಿಯೇ ರಾಶಿಬಿದ್ದರೆ ಪಾಲಿಸಿ ಮಾರುವ ಉತ್ಸಾಹ ಬೆಳೆಯುವದೇ ಹೊರತು ಅದನ್ನು ಉಳಿಸುವ ಆಸ್ಥೆ ಬೆಳೆಯದು. ಅರ್ಧಕ್ಕೆ ನಿಂತ ಪಾಲಿಸಿಯಿಂದ ಕೆಡುವವನು ಪಾಲಿಸಿದಾರನು. ಅವನಿಗೆ ಸಂಘವೂ ಇಲ್ಲ, ನಿಯೋಗವೂ ಇಲ್ಲ.

ಶಾಸನಕರ್ತರನ್ನು ಒಲಿಸುವ ಯತ್ನಗಳನ್ನು ಬಯಲಿಗೆ ತರುವ ಕಾಯದೆ ನಮ್ಮ ದೇಶದಲ್ಲಿಲ್ಲ. ಅಮೇರಿಕೆಯಲ್ಲಿ ೧೯೯೫ರ ಕಾಯದೆಯಂತೆ ಈ ಕೆಲಸವನ್ನು ಕೈಕೊಂಡವರು ಹೆಸರು ನೋಂದಿಸಿ ವೆಚ್ಚದ ವರದಿ ಕೊಡಬೇಕು. ೨೦೧೩ರಲ್ಲಿ ಲೋಕಸಭೆಯ ಸದಸ್ಯರೊಬ್ಬರು ಇಂಥದೇ ಖಾಸಗಿ ಮಸೂದೆಯನ್ನು ತಂದಿದ್ದರು, ಅದು ಕಾಯದೆಯಾಗಲಿಲ್ಲ. ಕಾಯದೆ ಬರುವ ತನಕ ಕಾಯಬೇಕಾದುದಿಲ್ಲ. ಬೀದರದ ಲೋಕಸಭಾ ಸದಸ್ಯರೂ ಶಾಸಕರೂ ವಿಮೆಯ ವಿಷಯದಲ್ಲಿ ತಮಗೆ ಬಂದ ಮನವಿಗಳನ್ನು ಬರೆಹದಲ್ಲಿ ಪಡೆದು ಪ್ರಕಟಿಸಲಿ; ಏಜಂಟರನ್ನು ಕರೆದಲ್ಲಿ ಪಾಲಿಸಿದಾರರನ್ನೂ ಕರೆಯಲಿ. ಏಜಂಟರ ಸಂಘಗಳೂ ತಮ್ಮ ಮನವಿಯೊಡನೆ ತಮ್ಮ ಭಾಗದಲ್ಲಿ ಎಷ್ಟು ಪಾಲಿಸಿಗಳು ನಡುವೆ ನಿಂತವೆಂಬ ಲೆಕ್ಕವನ್ನು ಇಡಲಿ. ಕಾಯಕದ ಹಿರಿಮೆಯನ್ನು ಸಾರಿದ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆ. ದುಡಿದವನಿಗೆ ಪ್ರತಿಫಲ ಸಲ್ಲಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಪ್ರತಿಫಲವು ಪಾಲಿಸಿದಾರನ ಕಂತಿನಿಂದಲೇ ಬರುವದೆಂಬುದನ್ನು ಬೇಡುವವರೂ ಕೊಡುವವರೂ ಮರೆಯಲಾಗದು.