ಮರಳುವ ಅಧ್ಯಾಪಕರ ಕೊನೆಯ ತಿಂಗಳುಗಳು



ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷ ಗಣಿತ ಕಲಿಸಿ ಊರಿಗೆ ಹೊರಟಿರುವ ನಮ್ಮನ್ನು, ಹೊರಡುವ ಸಿದ್ಧತೆಯ ಬಗೆಗೇ ನಾಲ್ಕು ಮಾತು ಹೇಳಬೇಕೆಂದು ಕೂಟದವರು ಕೇಳಿದ್ದಾರೆ. ತಮ್ಮಲ್ಲಿ ಬಹುಮಂದಿ ಅಮೆರಿಕದಲ್ಲಿ ನೆಲೆನಿಂತವರು. ತಮಗೆ ಮರಳುವುದೆಂದರೆ ಹಬ್ಬದ ರಾತ್ರಿ ಚರ್ಚಿಸಿ ಮುಂದೂಡಬಹುದಾದ ವಿಷಯ; ಸಂದರ್ಶಕ ಅಧ್ಯಾಪಕರಿಗಾದರೋ ಅದು ಡಿ.ಎಸ್. 2019 ಎಂಬ ಕಾಗದದ ಮೇಲೆ ಅಚ್ಚಾಗಿರುವ ತಾರೀಖು. ಕನ್ನಡಕ್ಕೆ ಈ ಎರಡು ದಾರಿಗಳೂ ಹೊಸವಲ್ಲ. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಬಂದ ಎ.ಕೆ. ರಾಮಾನುಜನ್ ಅವರು ಮುಂದೆ ಷಿಕಾಗೋದಲ್ಲೇ ಅಧ್ಯಾಪಕರಾಗಿ ಉಳಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ‘ಸಂಸ್ಕಾರ’ವನ್ನು ಬರೆದ ಯು.ಆರ್. ಅನಂತಮೂರ್ತಿಯವರು 1966ರಲ್ಲಿ ಡಾಕ್ಟರೇಟ್ ಪಡೆದು ಮೈಸೂರಿಗೆ ಮರಳಿ ಪಾಠ ಹೇಳಿದರು.

ನಮ್ಮ ಅಭಿಪ್ರಾಯದಲ್ಲಿ ಮರಳುವ ಕೆಲಸ ಪೆಟ್ಟಿಗೆ ಕಟ್ಟುವ ವಾರದ್ದಲ್ಲ. ಅದು ಕೊನೆಯ ಸೆಮಿಸ್ಟರಿನ ಮೊದಲ ವಾರದ್ದು. ತಮ್ಮ ಬಂಧುಗಳಲ್ಲಿ ಯಾರಾದರೂ ನಾಳೆ ಇದೇ ದಾರಿಯಲ್ಲಿ ಬರಬಹುದಾದ್ದರಿಂದ ಕಾನೂನಿನ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇವೆ.

ಜೆ-1 ವೀಸಾದವರಿಗೆ ಕಾರ್ಯಕ್ರಮ ಮುಗಿದ ಮೇಲೆ ಹೊರಡಲು 30 ದಿನಗಳ ಅವಕಾಶವಿದೆ. ಆ ದಿನಗಳಲ್ಲಿ ದುಡಿಯುವಂತಿಲ್ಲ. ಸರ್ಕಾರದ ಹಣದಿಂದ ಬಂದವರು ಎಚ್-1 ವೀಸಾಕ್ಕೋ ಗ್ರೀನ್ ಕಾರ್ಡಿಗೋ ಅರ್ಹರಾಗಬೇಕಾದರೆ, ವಿನಾಯಿತಿ ಸಿಗದ ಹೊರತು, ಎರಡು ವರ್ಷ ಸ್ವದೇಶದಲ್ಲಿ ಇದ್ದಿರಬೇಕು. ಹಿಂದೆ ಕೆಲವು ವಿದ್ಯಾಕ್ಷೇತ್ರಗಳ ಭಾರತೀಯರಿಗೂ ಇದೇ ನಿರ್ಬಂಧವಿತ್ತು. 2024ರ ಡಿಸೆಂಬರಿನಲ್ಲಿ ಆ ಪಟ್ಟಿಯನ್ನು ಪರಿಷ್ಕರಿಸಿದಾಗ ಭಾರತದ ಹೆಸರನ್ನು ಕೈಬಿಡಲಾಯಿತು. ಇದಕ್ಕೆ ಸಂಬಂಧಿಸದ ಇನ್ನೊಂದು ನಿಯಮವಿದೆ: ಪ್ರಾಧ್ಯಾಪಕ ಅಥವಾ ಸಂಶೋಧಕ ವರ್ಗದಲ್ಲಿ ಬಂದು ಕಾರ್ಯಕ್ರಮ ಮುಗಿಸಿದವರು 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಬರುವಂತಿಲ್ಲ. ಐದು ವರ್ಷದವರೆಗೆ ಇರಲು ಅವಕಾಶವಿದ್ದು ಒಂದೇ ವರ್ಷಕ್ಕೆ ಮರಳಿದರೂ ಉಳಿದ ನಾಲ್ಕು ವರ್ಷ ಜಮೆಯಾಗಿ ಉಳಿಯುವುದಿಲ್ಲ.

ತೆರಿಗೆಯ ವಿಷಯ. ಭಾರತ ಮತ್ತು ಅಮೆರಿಕಗಳ ಒಪ್ಪಂದದ 22ನೆಯ ವಿಧಿಯಂತೆ, ಭಾರತದಿಂದ ಕಲಿಸಲು ಬಂದವರ ವಾಸ್ತವ್ಯ ಎರಡು ವರ್ಷ ಮೀರದಿದ್ದರೆ ಅಧ್ಯಾಪನದ ಸಂಬಳಕ್ಕೆ ಇಲ್ಲಿಯ ಕೇಂದ್ರ ಆದಾಯ ತೆರಿಗೆ ಇಲ್ಲ. ಮೀರಿದರೆ ಸಾಮಾನ್ಯವಾಗಿ ಮೊದಲ ದಿನದಿಂದಲೂ ತೆರಿಗೆ ಬೀಳುತ್ತದೆ. ‘ಇನ್ನೊಂದೇ ಸೆಮಿಸ್ಟರ್ ಇದ್ದುಬಿಡಿ’ ಎಂಬ ಪ್ರೀತಿಯ ಒತ್ತಾಯಕ್ಕೆ ಎರಡನೆಯ ವರ್ಷದ ಕೊನೆಯಲ್ಲಿ ಒಪ್ಪುವವರು ಈ ಲೆಕ್ಕವನ್ನು ಮೊದಲು ಹಾಕಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮ ರಾಜ್ಯ ತೆರಿಗೆಗೆ ಈ ವಿನಾಯಿತಿಯನ್ನು ಮನ್ನಿಸುವುದೂ ಇಲ್ಲ. ಹೊರಡುವ ವರ್ಷದ ಸಂಬಳದ ಡಬ್ಲ್ಯು-2 ಬರುವುದು ಮುಂದಿನ ಜನವರಿಯಲ್ಲಿ. ಆಗ ನಾವು ಇಲ್ಲಿರುವುದಿಲ್ಲ. ಆದುದರಿಂದ ಸಂಬಳದ ಕಚೇರಿಗೆ ಊರಿನ ವಿಳಾಸವನ್ನು ಕೊಟ್ಟು, ಇಲ್ಲಿಯ ಒಂದು ಬ್ಯಾಂಕ್ ಖಾತೆಯನ್ನು ಮುಂದಿನ ಬೇಸಿಗೆಯವರೆಗಾದರೂ ಉಳಿಸಿಕೊಳ್ಳುವುದು ಒಳಿತು.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದಿರುವುದು ತರಗತಿ. ಅಧ್ಯಾಪಕ ಹೊರಟುಹೋದರೂ ವಿದ್ಯಾರ್ಥಿ ಅಲ್ಲೇ ಇರುತ್ತಾನೆ. ಕಾಯಿಲೆ ಬಿದ್ದು ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಗೆ ‘ಇನ್‌ಕಂಪ್ಲೀಟ್’ ಎಂಬ ಗ್ರೇಡ್ ಕೊಟ್ಟು ನಾವು ವಿಮಾನ ಹತ್ತಿದರೆ, ಸೆಪ್ಟೆಂಬರಿನಲ್ಲಿ ಅವಳ ಉಳಿದ ಕೆಲಸವನ್ನು ನೋಡುವವರು ಯಾರು? ಏನು ಬಾಕಿ, ಅದಕ್ಕೆ ಎಷ್ಟು ಅಂಕ, ಹೇಗೆ ತಿದ್ದಬೇಕು ಎಂಬುದನ್ನು ಬರೆದು ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟೇ ಹೊರಡಬೇಕು. ಗ್ರೇಡ್ ಸರಿಯಿಲ್ಲವೆಂದು ದೂರುವ ಹಕ್ಕು ಇಲ್ಲಿಯ ವಿದ್ಯಾರ್ಥಿಗೆ ಉಂಟು. ಅಂಕಗಳ ಪುಸ್ತಕವೂ ಹಿಂದಿರುಗಿಸದ ಉತ್ತರಪತ್ರಿಕೆಗಳೂ ಇಲ್ಲಿಯೇ ಇರತಕ್ಕದ್ದು. ಶಿಫಾರಸು ಪತ್ರದ ಮಾತು ಇನ್ನೂ ಸೂಕ್ಷ್ಮ. ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕುವವರು ಅದನ್ನು ಕೇಳುವುದು ಬೇಸಿಗೆ ಕಳೆದ ಮೇಲೆ. ಅಷ್ಟರಲ್ಲಿ ವಿಶ್ವವಿದ್ಯಾನಿಲಯದ ಇ-ಮೇಲ್ ಮುಚ್ಚಿರಬಹುದು, ಆ ಮುಖವೂ ನೆನಪಿನಲ್ಲಿ ಮಸುಕಾಗಿರಬಹುದು. ಒಳ್ಳೆಯ ಕೆಲಸ ಮಾಡಿದವರ ಬಗೆಗೆ ಈಗಲೇ ಅರ್ಧ ಪುಟ ಬರೆದಿಟ್ಟು, ಅವರಿಗೆ ನಮ್ಮ ಸ್ವಂತ ವಿಳಾಸವನ್ನು ಕೊಡುತ್ತಿದ್ದೇವೆ.

ಇನ್ನು, ಇಲ್ಲಿಂದ ಏನನ್ನು ಒಯ್ಯಬಹುದು? ಕರ್ನಾಟಕದ ಸಂಯೋಜಿತ ಕಾಲೇಜಿನಲ್ಲಿ ಪಠ್ಯಕ್ರಮವನ್ನು ಮಾಡುವುದು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಲಿ. ಪ್ರಶ್ನೆಪತ್ರಿಕೆ ತಯಾರಿಸುವವರು ಒಬ್ಬರು, ಮೌಲ್ಯಮಾಪನ ಮಾಡುವವರು ಇನ್ನೆಲ್ಲಿಯೋ ಕುಳಿತ ಮತ್ತೊಬ್ಬರು. ಪಾಠ ಮಾಡಿದವನು ನಡುವೆ ಒಬ್ಬ ದೂತ. ಇಲ್ಲಿ ಈ ಕೆಲಸಗಳೆಲ್ಲ ಬಹುಮಟ್ಟಿಗೆ ಒಬ್ಬನ ಹೆಗಲ ಮೇಲೆಯೇ ಇರುತ್ತವೆ; ಅವನ ಸ್ವಾತಂತ್ರ್ಯವೂ ದೊಡ್ಡದು, ತಪ್ಪಿಸಿಕೊಳ್ಳಲಾಗದ ಹೊಣೆಯೂ ದೊಡ್ಡದು. ಈ ವ್ಯವಸ್ಥೆಯನ್ನು ನಾವು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಲಾರೆವು. ‘ಅಮೆರಿಕದಲ್ಲಿ ಹೀಗೆ’ ಎಂದು ಶುರುಮಾಡುವ ಸಹೋದ್ಯೋಗಿಯನ್ನು ಸ್ಟಾಫ್ ರೂಮು ಎರಡು ದಿನ ಸಹಿಸುತ್ತದೆ, ಮೂರನೆಯ ದಿನ ಎದ್ದು ಕಾಫಿಗೆ ಹೋಗುತ್ತದೆ.

ಆದರೆ ಆಂತರಿಕ ಅಂಕಗಳೆಂಬ ಒಂದು ಸಣ್ಣ ಕಿಟಕಿ ನಮ್ಮ ಕೈಯಲ್ಲಿಯೇ ಇದೆ. ಅದನ್ನು ಹಾಜರಿಯ ಬಹುಮಾನವಾಗಿ ಹಂಚುವ ಬದಲು ವಾರಕ್ಕೊಂದು ಹತ್ತು ನಿಮಿಷದ ಕಿರುಪರೀಕ್ಷೆಗೆ ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ. ಇಡೀ ಸೆಮಿಸ್ಟರಿನ ಪಾಠಗಳ ಪಟ್ಟಿಯನ್ನು ಮೊದಲ ದಿನವೇ ಕೊಡಬಹುದು. ವಾರಕ್ಕೆ ಎರಡು ಗಂಟೆ ಬಾಗಿಲು ತೆರೆದು, ಯಾರು ಬೇಕಾದರೂ ಬಂದು ಕೇಳಬಹುದೆಂದು ಹೇಳಬಹುದು. ಅರವತ್ತು ಮಂದಿಯ ತರಗತಿಯಲ್ಲಿ ಮೊದಮೊದಲು ಯಾರೂ ಬಾರದಿರಬಹುದು. ಸಂಕೋಚ ನಮ್ಮ ಮಕ್ಕಳಿಗೆ ಹೆಚ್ಚು. ಬಾಗಿಲಂತೂ ತೆರೆದಿರಬೇಕು.

ಮಕ್ಕಳೊಡನೆ ಮರಳುವವರಿಗೆ ಒಂದು ಮಾತು. ಮೇ ತಿಂಗಳಲ್ಲಿ ಇಲ್ಲಿ ಸೆಮಿಸ್ಟರ್ ಮುಗಿದರೆ ಜೂನಿನ ಹೊತ್ತಿಗೆ ಅಲ್ಲಿ ಶಾಲೆ ತೆರೆಯುತ್ತದೆ, ಇದೊಂದು ಅನುಕೂಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ತರುವಾಯ ಕರ್ನಾಟಕದ ಶಾಲೆಗಳಲ್ಲಿ ಹಂತಹಂತವಾಗಿ ಕನ್ನಡ ಕಡ್ಡಾಯವಾಗಿದೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಅಕ್ಷರ ಬಾರದ ಮಗುವಿಗೆ ಇಲ್ಲಿಯ ಭಾನುವಾರದ ಕನ್ನಡ ತರಗತಿ ಆಗ ಉಪಯೋಗಕ್ಕೆ ಬರುತ್ತದೆ.

ಪುಸ್ತಕಗಳನ್ನು ಅಗ್ಗವಾಗಿ ಕಳುಹಿಸುತ್ತಿದ್ದ ಹಡಗಿನ ಅಂಚೆಯನ್ನು ಅಮೆರಿಕದ ಅಂಚೆಯವರು 2007ರಲ್ಲಿ ನಿಲ್ಲಿಸಿದರು. ಹೀಗಾಗಿ ನಮ್ಮ ಪುಸ್ತಕಗಳಲ್ಲಿ ಹೆಚ್ಚಿನವು ಕೂಟದ ಗ್ರಂಥಭಂಡಾರ ಸೇರಲಿವೆ. ನಮ್ಮೊಡನೆ ಬರುವುದು ನಾವೇ ಬರೆದ ಅಭ್ಯಾಸದ ಹಾಳೆಗಳ ಒಂದು ಕಟ್ಟು. ಅವುಗಳಲ್ಲಿ ಕಾರು ಮೈಲಿಗಳಲ್ಲಿ ಓಡುತ್ತದೆ, ಕಾಫಿ ಫ್ಯಾರನ್‌ಹೀಟಿನಲ್ಲಿ ಆರುತ್ತದೆ, ತೊಟ್ಟಿಯಿಂದ ನೀರು ಗ್ಯಾಲನ್ನುಗಳಲ್ಲಿ ಸೋರುತ್ತದೆ. ಜುಲೈ ಒಳಗೆ ಆ ತೊಟ್ಟಿಯನ್ನು ಲೀಟರುಗಳ ಸಂಪು ಮಾಡಬೇಕಾಗಿದೆ.