ಕೊಂಪೆ, ಬುತ್ತಿ, ಬಂಡಿ: ಸಾಯಗಾಂವ ಸೀಮೆಯ ಕುಟುಂಬ-ಬಿಡಾರದ ಮಿತವ್ಯಯ

ಮನೆಯ ಬಾಗಿಲಿಗೆ ಬೀಗ ಹಾಕಿ, ಮಕ್ಕಳು ಮುದುಕರೊಡನೆ ಬಯಲಿಗೆ ಹೋಗಿ, ಅಲ್ಲಿ ತಾತ್ಕಾಲಿಕವಾದ ನೆರಳೊಂದನ್ನು ಕಟ್ಟಿಕೊಂಡು, ಉಂಡು ವಿಶ್ರಮಿಸಿ ಮರಳುವ ವಿಹಾರಕ್ಕೆ ಇಂದಿನ ನಗರವಾಸಿಗಳು ಕ್ಯಾಂಪಿಂಗ್ ಎಂಬ ಹೆಸರನ್ನು ಬಳಸುತ್ತಾರೆ. ಇದನ್ನು ಒಂದು ವ್ಯವಸ್ಥಿತ ಹವ್ಯಾಸವನ್ನಾಗಿ ರೂಪಿಸಿದವರಲ್ಲಿ ಇಂಗ್ಲೆಂಡಿನ ದರ್ಜಿ ಥಾಮಸ್ ಹೈರಮ್ ಹೋಲ್ಡಿಂಗನು ಮೊದಲಿಗನೆಂದು ಎಣಿಸಲ್ಪಟ್ಟಿದ್ದಾನೆ. ಅವನು ೧೯೦೧ರಲ್ಲಿ ಸೈಕಲ್ ಬಿಡಾರಿಗರ ಸಂಘವನ್ನು ಸ್ಥಾಪಿಸಿ, ೧೯೦೮ರಲ್ಲಿ ಬಿಡಾರದ ಕೈಪಿಡಿಯೊಂದನ್ನು ಪ್ರಕಟಿಸಿದನು. ಆದರೆ ಅವನಿಗೆ ಬಿಡಾರದ ಮೊದಲ ಪಾಠ ದೊರೆತದ್ದು ವಿಹಾರದಲ್ಲಿ ಅಲ್ಲ. ೧೮೫೩ರಲ್ಲಿ, ಬಾಲಕನಾಗಿದ್ದಾಗ, ತಂದೆತಾಯಿಗಳೊಡನೆ ಅಮೆರಿಕೆಯ ಹುಲ್ಲುಗಾವಲುಗಳನ್ನು ಬಂಡಿಗಳ ಸಾಲಿನಲ್ಲಿ ದಾಟಿದ ಪ್ರಯಾಣದಲ್ಲಿ. ವಿಹಾರದ ಬಿಡಾರಕ್ಕೆ ಬದುಕಿನ ಬಿಡಾರವೇ ಮೂಲವೆಂಬುದು ಇದರಿಂದ ವಿದಿತವಾಗುತ್ತದೆ.

ಬಂಡಿಯ ಬಿಡಾರವು ನಮ್ಮ ನಾಡಿಗೆ ಹೊಸತಲ್ಲ. ಕೈಯಲ್ಲಿ ಕಾಸು ವಿರಳವಾಗಿರುವ ಕುಟುಂಬವೊಂದು ಇಂತಹ ವಿಹಾರವನ್ನು ಹೇಗೆ ಸಾಧಿಸುತ್ತದೆ, ಆ ಮಿತವ್ಯಯದ ಆಧಾರಗಳು ಯಾವುವು ಎಂಬುದನ್ನು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಸೀಮೆಯ ಎರಡು ರೂಢಿಗಳ ಮೂಲಕ ಇಲ್ಲಿ ವಿವೇಚಿಸಲಾಗಿದೆ. ಸಾಯಗಾಂವವು ಹೋಬಳಿಯ ಕೇಂದ್ರ. ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿ, ಗೋದಾವರಿಯ ಉಪನದಿಯಾದ ಮಾಂಜರೆಯ ಸೀಮೆಯಲ್ಲಿದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದು ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವುದರಿಂದ, ರೂಢಿಗಳೂ ಗಡಿಯ ಎರಡು ಮಗ್ಗುಲಲ್ಲಿ ಸಮಾನವಾಗಿವೆ.

ಎಳ್ಳ ಅಮಾವಾಸ್ಯೆಯ ಹಗಲು-ಬಿಡಾರ

ಮೊದಲನೆಯದು ಮಾರ್ಗಶಿರ ಮಾಸದ ಅಮಾವಾಸ್ಯೆ. ಆಗ ಮುಂಗಾರಿನ ಜೋಳ ಕೊಯ್ಲಾಗಿರುತ್ತದೆ. ಹಿಂಗಾರಿನ ಜೋಳ ಹೊಲದಲ್ಲಿ ಎದ್ದು ನಿಂತಿರುತ್ತದೆ. ಕಡಲೆ ತೊಗರಿಗಳಲ್ಲಿ ಹಸಿ ಕಾಯಿ ಸಿಗುತ್ತದೆ. ಕುಟುಂಬವೆಲ್ಲವೂ ಬೆಳಗಿನಲ್ಲಿ ಹೊಲಕ್ಕೆ ಹೊರಡುತ್ತದೆ. ಜೋಳದ ಕಣಿಕೆಯ ಸೂಡುಗಳನ್ನು ತುದಿ ಕೂಡಿಸಿ ನಿಲ್ಲಿಸಿ ಒಂದು ಸಣ್ಣ ಕೊಂಪೆಯನ್ನು ಹಾಕುವರು. ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವರು. ಅನಂತರ ಹೊಲದ ಸುತ್ತ ಚರಗ ಚೆಲ್ಲಿ, ಭೂಮಿಗೆ ಉಣಿಸಿದ ಮೇಲೆ ತಾವು ಉಣ್ಣುವರು.

ಊಟದ ಪದಾರ್ಥಗಳನ್ನು ಪರಿಶೀಲಿಸಿದರೆ ಅವು ರುಚಿಗಾಗಿ ಮಾತ್ರವಲ್ಲದೆ ಪ್ರಯಾಣಕ್ಕೂ ಅನುಗುಣವಾಗಿ ಆಯ್ದವುಗಳೆಂದು ತೋರುತ್ತದೆ. ಹಸಿಕಾಳು, ಕಾಯಿಪಲ್ಲೆ, ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿಗೆ ಬಹುಪಾಲು ಸಾಮಗ್ರಿ ಹೊಲ ಹಿತ್ತಿಲುಗಳದೇ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯಲ್ಲಿ ನೀರಿನ ಅಂಶ ಕಡಿಮೆಯಾದುದರಿಂದ ಅದು ಹಲವು ದಿನ ಕೆಡದು. ಜೋಳದ ಹಿಟ್ಟು ಮಜ್ಜಿಗೆಗಳ ಅಂಬಲಿಯು ಹುಳಿಯೇರಿದುದರಿಂದಲೇ ಉಳಿಯುತ್ತದೆ; ಮಣ್ಣಿನ ಮಡಕೆಯ ಮೈಯಿಂದ ನೀರು ಆವಿಯಾಗುವುದರಿಂದ ಅದು ನಡುಹಗಲಿನಲ್ಲಿಯೂ ತಂಪಾಗಿರುತ್ತದೆ. ಎಳ್ಳು ಅಥವಾ ಶೇಂಗಾ ಬೆಲ್ಲಗಳ ಹೋಳಿಗೆಯೂ ಇದೇ ವರ್ಗದ್ದು. ಇವುಗಳಲ್ಲಿ ಯಾವುದನ್ನೂ ಹೊಲದಲ್ಲಿ ಮತ್ತೆ ಕಾಯಿಸಬೇಕಾಗಿಲ್ಲ. ಒಲೆಯ ಖರ್ಚು ಅಲ್ಲಿಗೆ ತಪ್ಪಿತು.

ಹೊಲವಿಲ್ಲದವರನ್ನೂ ನೆರೆಹೊರೆಯವರನ್ನೂ ಪೇಟೆಯ ಬಂಧುಮಿತ್ರರನ್ನೂ ಹೊಲವುಳ್ಳವರು ಈ ದಿನ ಊಟಕ್ಕೆ ಕರೆಯುವರು. ಹೀಗಾಗಿ ವಿಹಾರವು ಕೇವಲ ಭೂಮಾಲಿಕರ ಸೊತ್ತಾಗಿ ಉಳಿಯುವುದಿಲ್ಲ.

ಜಾತ್ರೆಯ ಇರುಳು-ಬಿಡಾರ

ಎರಡನೆಯದು ಜಾತ್ರೆ. ಭಾಲ್ಕಿ ತಾಲ್ಲೂಕಿನಲ್ಲಿಯೇ ಖಾನಾಪುರದ ಬಳಿ ಮೈಲಾರ ಮಲ್ಲಣ್ಣನ ಕ್ಷೇತ್ರವಿದೆ. ಮಾರ್ಗಶಿರದಲ್ಲಿ, ವಿಶೇಷವಾಗಿ ಚಂಪಾ ಷಷ್ಠಿಯ ಸುಮಾರಿಗೆ ಮತ್ತು ಭಾನುವಾರಗಳಲ್ಲಿ, ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಗಳಿಂದ ಭಕ್ತರು ಇಲ್ಲಿಗೆ ಬರುವರು. ಮೋಟಾರು ವಾಹನಗಳು ಬರುವ ಮುನ್ನ ಇಂತಹ ಜಾತ್ರೆಗಳಿಗೆ ಸಂಸಾರ ಸಮೇತ ಬಂಡಿ ಕಟ್ಟಿಕೊಂಡು ಹೋಗುವುದು ರೂಢಿಯಾಗಿತ್ತು.

ಎತ್ತಿನ ಬಂಡಿಯು ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಸಾಗದು. ಆದುದರಿಂದ ದೂರದವರಿಗೆ ದಾರಿಯಲ್ಲಿ ಒಂದಾದರೂ ಇರುಳು ಅನಿವಾರ್ಯವಾಗುತ್ತಿತ್ತು. ಆಗ ಬಂಡಿಯೇ ಮನೆ. ಎತ್ತುಗಳಿಗಾಗಿ ತಂದ ಮೇವನ್ನು ಬಂಡಿಯಲ್ಲಿ ಹಾಸಿದರೆ ಅದೇ ಮಕ್ಕಳಿಗೆ ಮೆತ್ತೆ. ಎತ್ತುಗಳು ಅದನ್ನು ತಿಂದಂತೆಲ್ಲ ಭಾರವೂ ಇಳಿಯುತ್ತಿತ್ತು. ಮೂರು ಕಲ್ಲುಗಳಿಟ್ಟಲ್ಲಿ ಒಲೆ, ಆಯ್ದು ತಂದ ಪುಳ್ಳೆಯೇ ಸೌದೆ. ಕಂಬಳಿಯೊಂದೇ ಹಾಸಿಗೆ, ಹೊದಿಕೆ, ಮಳೆ ಬಂದರೆ ಛತ್ರಿ. ಒಂದು ವಸ್ತುವಿನಿಂದ ಹಲವು ಕೆಲಸಗಳನ್ನು ಮಾಡಿಸುವ ಈ ವಿವೇಕವೇ ಆಧುನಿಕ ಬಿಡಾರಿಗರ ಕೈಪಿಡಿಗಳಲ್ಲಿಯೂ ಮೊದಲ ಉಪದೇಶವಾಗಿದೆ.

ಮಿತವ್ಯಯದ ಆಧಾರಗಳು

ಇಂದಿನ ವಿಹಾರದ ಖರ್ಚನ್ನು ವಿಂಗಡಿಸಿದರೆ ಪ್ರಯಾಣ, ವಸತಿ, ಊಟ, ನೀರು, ತಂಗುವ ಸ್ಥಳದ ಬಾಡಿಗೆ ಎಂಬ ಐದು ಬಾಬುಗಳು ಕಾಣುತ್ತವೆ. ಮೇಲೆ ಹೇಳಿದ ರೂಢಿಗಳಲ್ಲಿ ಇವುಗಳಿಗೆ ಹಣ ಬೀಳದಿದ್ದುದಕ್ಕೆ ಕಾರಣ ಕುಟುಂಬದ ಜಾಣ್ಮೆಯೊಂದೇ ಅಲ್ಲ. ಎತ್ತು ಬಂಡಿಗಳು ಉಳುಮೆಗಾಗಿ ಮೊದಲೇ ಇದ್ದವು. ಕಣಿಕೆ ಜೋಳದ ಜೊತೆಗೆ ತಾನಾಗಿ ಬಂದುದು. ಬುತ್ತಿ ಮನೆಯ ಕಣಜದ್ದು. ಸ್ಥಳ ಮತ್ತು ನೀರುಗಳಾದರೋ ಸಮುದಾಯದವು: ದಾರಿಯ ಮಾವಿನ ತೋಪು, ಊರ ಬಾವಿ, ದೇವಾಲಯದ ಹೊಂಡ, ಜಾತ್ರೆಯ ಬಯಲು. ಬಡ ಕುಟುಂಬದ ವಿಹಾರವು ಇತರರು ಹಿಂದೆ ನೆಟ್ಟ ಮರದ ನೆರಳಿನಲ್ಲಿ, ಇತರರು ತೋಡಿಸಿದ ಬಾವಿಯ ದಂಡೆಯಲ್ಲಿ ನಡೆಯುತ್ತಿತ್ತು. ಆದುದರಿಂದ ಮಿತವ್ಯಯವೆಂಬುದು ಕುಟುಂಬದ ಗುಣವಾಗಿರುವಷ್ಟೇ ಊರಿನ ಆಸ್ತಿಯ ಫಲವೂ ಆಗಿದೆ. ಇದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಲೆಕ್ಕಕ್ಕೆ ಬಾರದ ವೆಚ್ಚ

ಆದರೆ ಒಂದು ವೆಚ್ಚವನ್ನು ಯಾರೂ ಬರೆದಿಡಲಿಲ್ಲ. ಎಳ್ಳ ಅಮಾವಾಸ್ಯೆಯ ಭೋಜನಕ್ಕೆ ಹಿಂದಿನ ದಿನದಿಂದಲೇ ಬೀಸಿ, ಬಡಿದು, ಸೊಪ್ಪು ಬಿಡಿಸಿ, ಕಾಳು ಸುಲಿದು, ಇರುಳೆಲ್ಲ ಒಲೆಯ ಮುಂದೆ ಕುಳಿತು, ಬೆಳಗಾದ ಮೇಲೆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ನಡೆಯುವವರು ಹೆಂಗಸರು. ಹೊಲದಲ್ಲಿಯೂ ಬಡಿಸಿ ಕಡೆಯಲ್ಲಿ ಉಣ್ಣುವವರು ಅವರೇ. ಹಣದ ಖರ್ಚು ಕಡಿಮೆಯಾದಷ್ಟೂ ಅವರ ದುಡಿಮೆ ಹೆಚ್ಚಿತೆಂಬುದನ್ನು ಮರೆತು ಹಳೆಯ ಬಿಡಾರವನ್ನು ಹೊಗಳುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಇದೇ ಋತುವಿನಲ್ಲಿ ಕಬ್ಬು ನುರಿಯುವ ಹಂಗಾಮು ನಡೆಯುತ್ತಿರುತ್ತದೆ. ಮರಾಠವಾಡೆಯ ಬೀಡ ಮುಂತಾದ ಜಿಲ್ಲೆಗಳ ಅಸಂಖ್ಯ ಕೂಲಿ ಕುಟುಂಬಗಳು ಕಬ್ಬು ಕಡಿಯುವುದಕ್ಕಾಗಿ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗಿ, ಮಕ್ಕಳೊಡನೆ ತಿಂಗಳುಗಟ್ಟಲೆ ಗುಡಿಸಲುಗಳಲ್ಲಿ ವಾಸಿಸುತ್ತವೆ. ಆ ಗುಡಿಸಲಿಗೆ ಅವರು ಕೋಪಿ ಎನ್ನುತ್ತಾರೆ. ಒಬ್ಬರಿಗೆ ಒಂದು ಹಗಲಿನ ಸಂಭ್ರಮವಾದ ಕೊಂಪೆಯು ಅದೇ ಚಳಿಯಲ್ಲಿ ಇನ್ನೊಬ್ಬರಿಗೆ ಅನ್ನದ ಅನಿವಾರ್ಯತೆಯಾಗಿದೆ. ಸಂಜೆಗೆ ಮರಳಲು ಮನೆಯಿದ್ದಾಗ ಮಾತ್ರ ಬಿಡಾರವು ವಿಹಾರವೆನಿಸುತ್ತದೆ.

ಈಚಿನ ಪರಿವರ್ತನೆ

ಕಳೆದ ಕೆಲವು ದಶಕಗಳಲ್ಲಿ ಬೀದರ ಜಿಲ್ಲೆಯ ಮುಂಗಾರಿನ ಹೊಲಗಳಲ್ಲಿ ಜೋಳದ ಸ್ಥಾನವನ್ನು ಬಹುಮಟ್ಟಿಗೆ ಸೋಯಾ ಅವರೆಯು ಆಕ್ರಮಿಸಿದೆ. ಸೋಯಾ ಗಿಡವು ಮೊಣಕಾಲೆತ್ತರದ್ದು. ಅದರಿಂದ ಕೊಂಪೆ ಕಟ್ಟಲಾಗದು, ಎತ್ತಿಗೆ ಜೋಳದಂತಹ ಮೇವೂ ಆಗದು. ಉಳುಮೆಯು ಟ್ರ್ಯಾಕ್ಟರಿಗೆ ಹೋದಂತೆ ಎತ್ತುಗಳೂ ಬಂಡಿಗಳೂ ವಿರಳವಾದವು. ಹೀಗೆ ಬೆಳೆಯೊಂದು ಬದಲಾದರೆ ವಿಹಾರದ ಮೂರು ಸಾಧನಗಳು, ಅಂದರೆ ಸೂರು, ಮೇವು, ವಾಹನ, ಒಟ್ಟಿಗೆ ಸಡಿಲವಾಗುತ್ತವೆ. ಅಮಾವಾಸ್ಯೆಯ ಆಚರಣೆ ನಿಂತಿಲ್ಲವೆಂಬುದು ಸಂತೋಷದ ವಿಷಯ. ಜನರು ಈಗ ಜೀಪು, ಮೋಟಾರು ಸೈಕಲುಗಳಲ್ಲಿ ಹೊಲಕ್ಕೆ ಹೋಗುತ್ತಾರೆ. ಆದರೆ ಹಿಂದೆ ಹಣವಿಲ್ಲದೆ ಒದಗುತ್ತಿದ್ದುದಕ್ಕೆ ಈಗ ಇಂಧನದ ಬೆಲೆ ಸೇರಿದೆ.

ಉಪಸಂಹಾರ

ಅಲ್ಪ ವೆಚ್ಚದ ಕುಟುಂಬ-ವಿಹಾರವನ್ನು ಬಯಸುವವರಿಗೆ ಈ ವಿವೇಚನೆಯಿಂದ ಎರಡು ಪಾಠಗಳು ದೊರೆಯುತ್ತವೆ. ಮನೆಯೊಳಗಿನ ಪಾಠವೆಂದರೆ, ಕೆಡದ ಬುತ್ತಿಯನ್ನು ಆಯ್ದುಕೊಳ್ಳುವುದು, ಒಂದು ವಸ್ತುವನ್ನು ಹಲವು ಬಗೆಯಲ್ಲಿ ಬಳಸುವುದು, ಮತ್ತು ರೊಟ್ಟಿ ಬಡಿಯುವ ಕೈಗಳನ್ನು ಹಂಚಿಕೊಳ್ಳುವುದು. ಊರಿನ ಪಾಠವೆಂದರೆ, ತೋಪು, ಬಾವಿ, ಜಾತ್ರೆಯ ಬಯಲುಗಳನ್ನು ಒತ್ತುವರಿಯಿಂದ ಕಾಪಾಡಿ, ಅಲ್ಲಿ ಕುಡಿಯುವ ನೀರನ್ನೂ ಶೌಚದ ಅನುಕೂಲವನ್ನೂ ಒದಗಿಸುವುದು. ಮೊದಲನೆಯದನ್ನು ಕುಟುಂಬಗಳು ತಾವೇ ಕಲಿಯಬಲ್ಲವು. ಎರಡನೆಯದು ಇಲ್ಲವಾದರೆ ಎಷ್ಟು ಮಿತವ್ಯಯಿಯಾದ ಗೃಹಸ್ಥನಿಗೂ ಮಕ್ಕಳನ್ನು ಕರೆದೊಯ್ದು ಕುಳ್ಳಿರಿಸಲು ನೆರಳು ಸಿಕ್ಕದು.